ಆರು ತಿಂಗಳು ಹೊಟ್ಟೆಯಲ್ಲಿದ್ದ ಬಲೂನು: ಮುಂಬಯಿಯ ಹೋಟೆಲಿಗನೊಬ್ಬನ ವಿಮರ್ಶೆ

ಶಸ್ತ್ರಚಿಕಿತ್ಸೆಯಿಲ್ಲದೆ ತೂಕ ಇಳಿಸುವ ಜಠರದ ಬಲೂನನ್ನು ನಾನು 2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮರುವಾರ, ಮುಂಬಯಿಯ ಪೂರ್ವ ಉಪನಗರದ ಒಂದು ಆಸ್ಪತ್ರೆಯಲ್ಲಿ ಹಾಕಿಸಿಕೊಂಡೆ. ಅದೇ ವರ್ಷದ ಜುಲೈಯಲ್ಲಿ ತೆಗೆಸಿಕೊಂಡೆ. ತೆಗೆಸಿ ಒಂದು ವರ್ಷ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಷ್ಟು ತಡಮಾಡಿದ್ದು ಬೇಕೆಂದೇ. ಬಲೂನು ಒಳಗಿರುವಷ್ಟು ದಿನ ತೂಕ ಇಳಿಯುತ್ತದೆ. ಅದು ಹೊರಗೆ ಬಂದ ಮೇಲೆ ಇಳಿದದ್ದರಲ್ಲಿ ಎಷ್ಟು ಉಳಿಯಿತು ಎಂಬುದನ್ನು ನೋಡದೆ ಈ ಚಿಕಿತ್ಸೆಗೆ ಬೆಲೆ ಕಟ್ಟಲು ಬರುವುದಿಲ್ಲ.

ನನ್ನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ಪಾಲುದಾರ. ಇಪ್ಪತ್ತೆರಡು ವರ್ಷಗಳಿಂದ ಗಲ್ಲೆಯ ಮೇಲೆ ಕುಳಿತವನು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಮುಚ್ಚುವುದು ರಾತ್ರಿ ಹನ್ನೊಂದಕ್ಕೆ. ಸಾಂಬಾರು, ಚಟ್ನಿ, ಶೀರಾ ರುಚಿ ನೋಡುವುದು ನನ್ನ ಕೆಲಸದ ಭಾಗ. ಮಾತನಾಡಲು ಬಂದವರ ಜೊತೆ ದಿನಕ್ಕೆ ಎಂಟು ಹತ್ತು ಕಟಿಂಗ್ ಚಹಾ ಒಳಗೆ ಹೋಗುತ್ತಿತ್ತು. ಲೆಕ್ಕ ಮುಗಿಸಿ ಹುಡುಗರ ಜೊತೆ ಊಟಕ್ಕೆ ಕೂರುವಾಗ ಮಧ್ಯರಾತ್ರಿ. ಅನ್ನ, ಸಾರು, ಉಳಿದ ಬೋಂಡ, ಅದರ ಮೇಲೆ ಮಜ್ಜಿಗೆ, ಆಮೇಲೆ ನೇರವಾಗಿ ಹಾಸಿಗೆ. ನಲವತ್ತೇಳನೆಯ ವಯಸ್ಸಿಗೆ 170 ಸೆಂಟಿಮೀಟರ್ ಎತ್ತರಕ್ಕೆ 112 ಕಿಲೋ ತೂಕವಾಗಿತ್ತು, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಎಂದು ಅಳೆಯುವ ಬಿಎಂಐ 38.8. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ ಹಿಡಿಯುತ್ತಾರೆ, ಏಕೆಂದರೆ ಅದೇ ಬಿಎಂಐ ಇರುವ ಐರೋಪ್ಯರಿಗಿಂತ ನಮ್ಮವರಲ್ಲಿ ಹೊಟ್ಟೆಯ ಕೊಬ್ಬು ಹೆಚ್ಚು, ಸಕ್ಕರೆ ಕಾಯಿಲೆಯೂ ಬೇಗ. ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು, ಎರಡೂ ಮೊಣಕಾಲು ನೋಯುತ್ತಿದ್ದವು, ಗೊರಕೆಯಿಂದಾಗಿ ಮನೆಯವರು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಪಥ್ಯ ಮಾಡಿ ಎರಡು ಬಾರಿ ಹತ್ತು ಹತ್ತು ಕಿಲೋ ಇಳಿಸಿ, ಎರಡು ಬಾರಿಯೂ ಹದಿಮೂರು ಹದಿನಾಲ್ಕು ಏರಿಸಿಕೊಂಡಿದ್ದೆ.

ಬಲೂನಿನ ವಿಚಾರ ಕೇಳಿ ಮೊದಲು ಹೋದದ್ದು ಪಶ್ಚಿಮ ಉಪನಗರದ ಒಂದು ಕ್ಲಿನಿಕ್ಕಿಗೆ. ಅದರ ಹೆಸರು ಹೇಳುವುದಿಲ್ಲ, ಆದರೆ ಅಲ್ಲಿ ನಡೆದುದನ್ನು ಹೇಳಲೇಬೇಕು. ನನ್ನ ಜೊತೆ ಮುಕ್ಕಾಲು ಗಂಟೆ ಮಾತನಾಡಿದವರು ವೈದ್ಯರಲ್ಲ, ಸಮಾಲೋಚಕಿ. ಅವರು ಒಪ್ಪಿಸಲು ನೋಡಿದ್ದು ನುಂಗುವ ಬಲೂನು. ಅದೊಂದು ಒಳ್ಳೆಯ ಆವಿಷ್ಕಾರವೇ: ಮಡಿಸಿಟ್ಟ ಬಲೂನು ಒಂದು ಕ್ಯಾಪ್ಸೂಲಿನೊಳಗೆ ಇರುತ್ತದೆ, ಅದಕ್ಕೆ ದಾರದಷ್ಟು ಸಪೂರದ ನಳಿಕೆ. ನೀರಿನ ಜೊತೆ ನುಂಗಿ, ಜಠರ ಸೇರಿತೆಂದು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು, ನಳಿಕೆಯ ಮೂಲಕ ಸುಮಾರು 550 ಮಿಲಿಲೀಟರ್ ದ್ರವ ತುಂಬಿ, ನಳಿಕೆಯನ್ನು ಎಳೆದು ತೆಗೆಯುತ್ತಾರೆ. ಅರಿವಳಿಕೆ ಬೇಡ, ಬಾಯಿಯ ಮೂಲಕ ಕ್ಯಾಮೆರಾದ ನಳಿಕೆ ಇಳಿಸುವ ಎಂಡೋಸ್ಕೋಪಿಯೂ ಬೇಡ. ಸುಮಾರು ನಾಲ್ಕು ತಿಂಗಳಿಗೆ ಅದರ ಕವಾಟ ತಾನೇ ತೆರೆದುಕೊಂಡು, ಖಾಲಿಯಾದ ಬಲೂನು ಮಲದ ಜೊತೆ ಹೊರಹೋಗುತ್ತದೆ. ಇಷ್ಟನ್ನು ಅವರು ಸರಿಯಾಗಿಯೇ ವಿವರಿಸಿದರು. ಆದರೆ ಮೊಣಕಾಲಿಗೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಹೊಟ್ಟೆಹುಣ್ಣು, ಹುಳಿತೇಗು, ಹಿಂದೆ ಆದ ಶಸ್ತ್ರಚಿಕಿತ್ಸೆ, ಒಂದನ್ನೂ ಕೇಳಲಿಲ್ಲ. ಆ ದಿನವೇ ಮುಂಗಡ ಕಟ್ಟಿದರೆ ಮೂವತ್ತು ಸಾವಿರ ರೂಪಾಯಿ ರಿಯಾಯಿತಿ ಎಂದರು. ನಮ್ಮ ಹೋಟೆಲಿಗೆ ಮಿಕ್ಸರ್ ಮಾರಲು ಬರುವವರೂ ಹೀಗೆಯೇ ಹೇಳುತ್ತಾರೆ. ನಾನು ಎದ್ದು ಬಂದೆ.

ಎರಡನೆಯ ಕಡೆ ಸಿಕ್ಕಿದವರು ಜಠರಾಂತ್ರ ತಜ್ಞರು. ಅವರು ನಾನು ಕುಳಿತ ಕೂಡಲೇ ಕೇಳಿದ್ದು ಮಾತ್ರೆಗಳ ಚೀಟಿಯನ್ನು. ನೋವಿನ ಮಾತ್ರೆಯನ್ನು ವಾರಕ್ಕೆ ನಾಲ್ಕೈದು ದಿನ ತೆಗೆದುಕೊಳ್ಳುತ್ತಿದ್ದೇನೆ ಎಂದು ಕೇಳಿ ಪೆನ್ನು ಕೆಳಗಿಟ್ಟು, ಈ ಮಾತ್ರೆ ಮತ್ತು ಬಲೂನು ಒಂದೇ ಹೊಟ್ಟೆಯಲ್ಲಿ ಇರಕೂಡದು ಎಂದರು. ಜಠರದ ಒಳಪದರದ ಮೇಲೆ ಅರ್ಧ ಕಿಲೋಗಿಂತ ಹೆಚ್ಚು ಭಾರದ ಗುಂಡು ಹಗಲೂ ರಾತ್ರಿಯೂ ಉಜ್ಜಿಕೊಂಡಿರುವಾಗ, ಆ ಪದರವನ್ನು ತೆಳುಮಾಡುವ ಮಾತ್ರೆ ಸೇರಿದರೆ ಹುಣ್ಣು, ರಕ್ತಸ್ರಾವ, ಕಡೆಗೆ ತೂತು ಬೀಳುವ ಅಪಾಯವಿದೆ. ಎಂಡೋಸ್ಕೋಪಿ ಮಾಡಿದಾಗ ಜಠರದ ಕೆಳಭಾಗದಲ್ಲಿ ಸಣ್ಣ ಸಣ್ಣ ಸವೆದ ಗಾಯಗಳು ಕಂಡವು; ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ಪರೀಕ್ಷೆಯೂ ಪಾಸಿಟಿವ್ ಬಂತು. ಹದಿನಾಲ್ಕು ದಿನ ಆಂಟಿಬಯೋಟಿಕ್, ನೋವಿನ ಮಾತ್ರೆಯ ಬದಲು ಪ್ಯಾರಾಸಿಟಮಾಲ್ ಮತ್ತು ಫಿಸಿಯೋಥೆರಪಿ, ಎರಡು ತಿಂಗಳ ಬಳಿಕ ಮತ್ತೆ ಪರೀಕ್ಷೆ. ನವೆಂಬರಿನಲ್ಲಿ ಹಣ ಕಟ್ಟಲು ಸಿದ್ಧನಾಗಿ ಹೋದವನನ್ನು ಅವರು ಜನವರಿಯವರೆಗೆ ಕಾಯಿಸಿದರು. ಮೊದಲ ಕ್ಲಿನಿಕ್ಕಿನಲ್ಲಿ ಅಂದೇ ನುಂಗಿಬಿಟ್ಟಿದ್ದರೆ ಆ ಗಾಯಗಳ ಮೇಲೆಯೇ ಬಲೂನು ಕೂರುತ್ತಿತ್ತು. ಈ ಚಿಕಿತ್ಸೆಗೆ ಹೋಗುವವರು ಆಸ್ಪತ್ರೆಯ ಗುಣವನ್ನು ಬೇರೆ ಯಾವುದರಿಂದಲೂ ಅಳೆಯಬೇಕಾಗಿಲ್ಲ. ಮೊದಲ ಭೇಟಿಯಲ್ಲಿ ಎಷ್ಟು ಪ್ರಶ್ನೆ ಕೇಳಿದರು ಎಂಬುದನ್ನು ನೋಡಿದರೆ ಸಾಕು.

ಇನ್ನೊಂದು ಕಾರಣಕ್ಕೂ ಅವರ ಮೇಲೆ ನಂಬಿಕೆ ಬಂತು. ಬಿಎಂಐ 38.8, ಜೊತೆಗೆ ಸಕ್ಕರೆ ಕಾಯಿಲೆ ಇರುವ ನನಗೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಿಂದ ಬಲೂನಿನ ಸುಮಾರು ಎರಡು ಪಟ್ಟು ತೂಕ ಇಳಿಯುತ್ತದೆ, ಅದು ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರೇ ಹೇಳಿದರು. ಬಲೂನಿನಿಂದ ಎಷ್ಟು ಎಂದು ಕೇಳಿದಾಗ ಅವರು ಕೊಟ್ಟ ಅಂಕಿ ಸ್ಪಷ್ಟವಾಗಿತ್ತು. ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘವು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಎಂಡೋಸ್ಕೋಪಿಯಿಂದ ಹಾಕುವ ಆರ್ಬೆರಾ ಮಾದರಿಯ ಬಲೂನಿನಿಂದ ಆರನೆಯ ತಿಂಗಳಿಗೆ ದೇಹತೂಕದ ಶೇಕಡ 13ರಷ್ಟು ಇಳಿದಿತ್ತು. ಹಾಕಿಸಿ ವರ್ಷ ತುಂಬುವಾಗ, ಅಂದರೆ ತೆಗೆದು ಆರು ತಿಂಗಳಾದಾಗ, ಅದು ಶೇಕಡ 11ಕ್ಕೆ ಬಂದಿತ್ತು. 112 ಕಿಲೋದವನಿಗೆ ಹದಿನಾಲ್ಕು ಕಿಲೋ ಎಂದು ಲೆಕ್ಕ ಹಾಕಿ ಕೊಟ್ಟು, ಇಷ್ಟಕ್ಕೆ ಒಪ್ಪಿಗೆಯಿದ್ದರೆ ಮುಂದುವರಿಯೋಣ ಎಂದರು. ಹೊಟ್ಟೆ ಕೊಯ್ಯಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಒಪ್ಪಿದೆ.

ಹಾಕುವ ಕೆಲಸ ಅರ್ಧ ಗಂಟೆಯೂ ಹಿಡಿಯಲಿಲ್ಲ. ನಿದ್ದೆ ಬರಿಸಿ, ಎಡಮಗ್ಗುಲಿಗೆ ಮಲಗಿಸಿ, ಬಾಯಿಯ ಮೂಲಕ ಬಲೂನನ್ನು ಇಳಿಸಿ, ಜಠರದ ಮೇಲುಭಾಗದಲ್ಲಿ ಕೂರಿಸಿ, 550 ಮಿಲಿಲೀಟರ್ ಸಲೈನ್ ತುಂಬಿದರು. ಈ ಮಾದರಿಯಲ್ಲಿ 400ರಿಂದ 700 ಮಿಲಿಲೀಟರ್ ವರೆಗೆ ತುಂಬಬಹುದು. ಸಲೈನಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಸೇರಿಸಿರುತ್ತಾರೆ. ಬಲೂನು ಎಲ್ಲಾದರೂ ಸೋರಿದರೆ ಆ ಬಣ್ಣ ರಕ್ತಕ್ಕೆ ಸೇರಿ ಮೂತ್ರ ನೀಲಿ ಅಥವಾ ಹಸಿರಾಗುತ್ತದೆ. ಹಾಗೆ ಕಂಡ ಕೂಡಲೇ ಆಸ್ಪತ್ರೆಗೆ ಓಡಬೇಕು, ಏಕೆಂದರೆ ಸುಕ್ಕಿದ ಬಲೂನು ಕರುಳಿಗೆ ಇಳಿದು ಅಡ್ಡಗಟ್ಟಿದರೆ ಆಗ ಶಸ್ತ್ರಚಿಕಿತ್ಸೆಯೇ ಗತಿ. ಆರು ತಿಂಗಳೂ ನಾನು ಬಚ್ಚಲಿನಲ್ಲಿ ದೀಪ ಹಾಕದೆ ಮೂತ್ರಕ್ಕೆ ಹೋದವನಲ್ಲ.

ಮೊದಲ ನಾಲ್ಕು ದಿನಗಳ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಜಾಹೀರಾತುಗಳಲ್ಲಿ ಅದಕ್ಕೆ ಅರ್ಧ ಸಾಲು ಸಿಗುತ್ತದೆ. ಎಚ್ಚರವಾದ ಒಂದು ಗಂಟೆಯೊಳಗೆ ಹೊಟ್ಟೆ ಹಿಂಡತೊಡಗಿತು. ಒಳಗೆ ಬಂದದ್ದನ್ನು ಹೇಗಾದರೂ ಹೊರಗೆ ತಳ್ಳಬೇಕೆಂದು ಜಠರ ಅಲೆಯಲೆಯಾಗಿ ಕಿವುಚುವುದು ಕೈಯಿಟ್ಟರೆ ತಿಳಿಯುತ್ತಿತ್ತು. ವಾಂತಿ, ಬರಿ ಉಬ್ಬಳಿಕೆ, ಮತ್ತೆ ವಾಂತಿ. ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡು ಡ್ರಿಪ್ ಮೂಲಕ ವಾಂತಿಯ ಔಷಧಿಯನ್ನೂ ಸೆಳೆತ ಕಡಿಮೆ ಮಾಡುವ ಔಷಧಿಯನ್ನೂ ಕೊಟ್ಟರು. ಮರುದಿನ ಮನೆಗೆ ಬಂದೆ. ಮೂರನೆಯ ರಾತ್ರಿ ಎರಡು ಗಂಟೆಗೆ, ಒಂದು ಚಮಚ ನೀರೂ ನಿಲ್ಲದ ಸ್ಥಿತಿಯಲ್ಲಿ, ಇದನ್ನು ನಾಳೆಯೇ ತೆಗೆಸಿಬಿಡೋಣ ಎಂದು ನಿರ್ಧರಿಸಿದ್ದೆ. ಮನೆಯವರು ಆಸ್ಪತ್ರೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿಕೊಂಡವರು ಪಥ್ಯ ತಜ್ಞೆ. ಅವರು ಸಮಾಧಾನದ ಮಾತಿಗೆ ಹೋಗದೆ ನೇರವಾಗಿ ಕೇಳಿದರು: ಕೊನೆಯ ಬಾರಿ ಮೂತ್ರಕ್ಕೆ ಹೋದದ್ದು ಎಷ್ಟು ಗಂಟೆಗೆ, ಬಣ್ಣ ಹೇಗಿತ್ತು, ನಾಲಿಗೆ ಒಣಗಿದೆಯೇ, ಎದ್ದು ನಿಂತರೆ ತಲೆ ತಿರುಗುತ್ತದೆಯೇ, ನೋವು ಬೆನ್ನಿಗೆ ಹರಿಯುತ್ತಿದೆಯೇ. ಐದು ನಿಮಿಷಕ್ಕೆ ಒಂದು ಚಮಚದಂತೆ ಓಆರ್‌ಎಸ್ ಕೊಡಿ, ಲೋಟ ಅವರ ಕೈಗೆ ಕೊಡಬೇಡಿ, ಬೆಳಗಿನೊಳಗೆ ಮೂತ್ರ ಆಗದಿದ್ದರೆ ಕರೆದುಕೊಂಡು ಬನ್ನಿ ಎಂದರು. ಮನೆಯವರು ಗಡಿಯಾರ ನೋಡಿಕೊಂಡು ಚಮಚ ಹಿಡಿದು ಕುಳಿತರು. "ರೀ, ಇನ್ನೊಂದು ಚಮಚ ಅಷ್ಟೇ" ಎಂದು ಅವರು ಬೆಳಗಿನ ಆರರವರೆಗೆ ಹೇಳಿದ್ದು ನನಗೆ ನೆನಪಿದೆ. ಐದನೆಯ ದಿನ ಸೆಳೆತ ನಿಂತಿತು. ನಾನು ಕಟ್ಟಿದ ಹಣದಲ್ಲಿ ಬಲೂನಿಗಿಂತ ಆ ಫೋನ್ ಕರೆಯ ಬೆಲೆ ಹೆಚ್ಚು ಎಂದು ಈಗಲೂ ಅನ್ನಿಸುತ್ತದೆ.

ಎಲ್ಲರಿಗೂ ಇದು ಐದನೆಯ ದಿನಕ್ಕೆ ಮುಗಿಯುವುದಿಲ್ಲ. ಮೇಲೆ ಹೇಳಿದ ಅದೇ ಅಧ್ಯಯನಗಳಲ್ಲಿ ನೂರರಲ್ಲಿ ಏಳೆಂಟು ಜನ ತಡೆಯಲಾರದೆ ಅವಧಿಗೆ ಮುಂಚೆಯೇ ತೆಗೆಸಿಕೊಂಡಿದ್ದಾರೆ. ಜಠರ ಹರಿಯುವುದು ಬಹಳ ಅಪರೂಪ, ಸಾವಿರಕ್ಕೆ ಒಂದರಂತೆ. ಆದರೆ ಅಪರೂಪ ಎಂದ ಮಾತ್ರಕ್ಕೆ ಇಲ್ಲವೆಂದು ಅರ್ಥವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಿಂದ 2018ರ ಜೂನ್ ವರೆಗೆ ದ್ರವ ತುಂಬಿದ ಬಲೂನು ಹಾಕಿಸಿಕೊಂಡ 12 ಮಂದಿ ಜಗತ್ತಿನ ಬೇರೆಬೇರೆ ಕಡೆ ಮೃತಪಟ್ಟ ವರದಿಗಳನ್ನು ಪ್ರಕಟಿಸಿ ವೈದ್ಯರನ್ನು ಎಚ್ಚರಿಸಿತು. ಅದಕ್ಕೂ ಮುಂಚೆ, 2017ರಲ್ಲಿ, ಬಲೂನಿನ ಒತ್ತಡದಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ಮತ್ತು ಬಲೂನು ತಾನಾಗಿಯೇ ಉಬ್ಬಿ ದೊಡ್ಡದಾಗುವುದು, ಈ ಎರಡು ಅಪಾಯಗಳ ಬಗ್ಗೆಯೂ ಹೇಳಿತ್ತು. ನೋವು ಬೆನ್ನಿಗೆ ಹರಿಯುತ್ತಿದೆಯೇ ಎಂದು ಆ ರಾತ್ರಿ ಕೇಳಿದ್ದು ಇದಕ್ಕಾಗಿಯೇ ಎಂದು ನನಗೆ ಆಮೇಲೆ ತಿಳಿಯಿತು.

ಜಠರದ ಬಲೂನು ಹೊಸ ವಿದ್ಯೆಯಲ್ಲ. 1985ರಲ್ಲೇ ಅಮೆರಿಕದಲ್ಲಿ ಗ್ಯಾರನ್-ಎಡ್ವರ್ಡ್ಸ್ ಎಂಬ ಗಾಳಿ ತುಂಬುವ ಬಲೂನಿಗೆ ಅನುಮತಿ ಸಿಕ್ಕಿತ್ತು. ಅದು ಜಠರದೊಳಗೆ ಸುಕ್ಕಿ ಕರುಳಿಗೆ ಇಳಿಯುವುದು, ಹುಣ್ಣು ಮಾಡುವುದು ಹೆಚ್ಚಾಗಿ, ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಹೋಯಿತು. 1987ರಲ್ಲಿ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬಲ್ಲಿ ತಜ್ಞರು ಸೇರಿ, ಬಲೂನು ನುಣುಪಾಗಿರಬೇಕು, ದ್ರವ ತುಂಬುವಂತಿರಬೇಕು, ಗಾತ್ರ ಹೊಂದಿಸಲು ಬರಬೇಕು, ಎಕ್ಸ್‌ರೇಯಲ್ಲಿ ಕಾಣುವ ಗುರುತಿರಬೇಕು ಎಂದು ನಿರ್ಧರಿಸಿದರು. ಇಂದಿನ ಸಿಲಿಕೋನ್ ಬಲೂನುಗಳು ಆ ಲಕ್ಷಣಗಳನ್ನು ಹಿಡಿದು ಬಂದವು.

ಎರಡನೆಯ ವಾರದಿಂದ ಹಸಿವು ಎಂಬುದೇ ಬೇರೆಯಾಯಿತು. ಬಲೂನು ಜಾಗವನ್ನು ಹಿಡಿಯುತ್ತದೆ, ತಿಂದದ್ದು ಜಠರದಿಂದ ಕೆಳಗಿಳಿಯುವುದನ್ನು ನಿಧಾನಗೊಳಿಸುತ್ತದೆ, ಜಠರದ ಗೋಡೆಯನ್ನು ಹಿಗ್ಗಿಸಿ ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ನರದ ಮೂಲಕ ಮೆದುಳಿಗೆ ಕಳಿಸುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಇಡ್ಲಿಯ ಮುಕ್ಕಾಲು ಭಾಗಕ್ಕೆ ಎದೆಯ ಕೆಳಗೆ ಯಾರೋ ಅಂಗೈ ಇಟ್ಟು ತಡೆದಂತೆ ಆಗುತ್ತಿತ್ತು. ಆ ತಡೆಯನ್ನು ಮೀರಿ ಇನ್ನೊಂದು ತುತ್ತು ಇಟ್ಟರೆ ಬಾಯಲ್ಲಿ ನೀರೂರಿ ಎರಡು ನಿಮಿಷದಲ್ಲಿ ವಾಂತಿ. ನೀರುದೋಸೆ, ಗಂಜಿ, ಬೇಳೆತಿಳಿ, ಮೊಸರು ಸಲೀಸಾಗಿ ಇಳಿಯುತ್ತಿದ್ದವು; ಚಪಾತಿ, ಅಂಟಂಟು ಅನ್ನ, ಕಡುಬು ಬಲೂನಿಗೆ ಮೆತ್ತಿಕೊಂಡು ಗಂಟೆಗಟ್ಟಲೆ ಉಳಿಯುತ್ತಿದ್ದವು. ಹಾಗೆ ಉಳಿದದ್ದು ಕೊಳೆತು ಬರುವ ತೇಗಿನ ವಾಸನೆ ಗಲ್ಲೆಯ ಮುಂದೆ ನಿಂತ ಗಿರಾಕಿಗೂ ಬಡಿಯುವಂಥದ್ದು. ಇದಕ್ಕೆ ಮದ್ದು ಒಂದೇ: ರಾತ್ರಿಯ ಊಟ ಏಳೂವರೆಯೊಳಗೆ ಮುಗಿಯಬೇಕು, ಊಟವಾಗಿ ಅರ್ಧ ಗಂಟೆಯ ನಂತರ ಒಂದು ಲೋಟ ನೀರು ಕುಡಿದು ಬಲೂನನ್ನು ತೊಳೆದಂತೆ ಮಾಡಬೇಕು, ಎರಡು ಗಂಟೆ ಮಲಗಕೂಡದು.

ನನ್ನ ಬದುಕಿನಲ್ಲಿ ಬಲೂನು ಮಾಡಿದ ದೊಡ್ಡ ಕೆಲಸ ಇದೇ. ಇಪ್ಪತ್ತೆರಡು ವರ್ಷ ಯಾರು ಹೇಳಿದರೂ ಬಿಡದ ಮಧ್ಯರಾತ್ರಿಯ ಊಟವನ್ನು ಅದು ಒಂದೇ ವಾರದಲ್ಲಿ ಬಿಡಿಸಿತು. ಸಂಜೆ ಏಳಕ್ಕೆ ಗಲ್ಲೆಯನ್ನು ಪಾಲುದಾರರಿಗೆ ವಹಿಸಿ, ಅಡುಗೆಮನೆಯ ಹಿಂದಿನ ಸಣ್ಣ ಮೇಜಿನಲ್ಲಿ ನಾನೊಬ್ಬನೇ ಉಣ್ಣತೊಡಗಿದೆ. ನಮ್ಮ ಅಡುಗೆಯ ಭಟ್ಟರು ಮಕ್ಕಳ ತಟ್ಟೆಯೊಂದನ್ನು ಹುಡುಕಿ ತಂದು ನನಗೆಂದು ಎತ್ತಿಟ್ಟರು. ಹೆಸರುಬೇಳೆ ತೊವ್ವೆ, ಒಂದು ಹಿಡಿ ಪನೀರು, ಬೇಯಿಸಿದ ತರಕಾರಿ, ಎರಡು ಚಮಚ ಅನ್ನ. ಸಸ್ಯಾಹಾರಿಗಳಿಗೆ ಬಲೂನಿನೊಳಗಿನ ದೊಡ್ಡ ಕಷ್ಟವೆಂದರೆ ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆಂದು ಪಥ್ಯ ತಜ್ಞೆ ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರು; ಬೇಳೆಯಲ್ಲಿ ಅಷ್ಟನ್ನು ತುಂಬಬೇಕಾದರೆ ಹೊಟ್ಟೆಯಲ್ಲಿ ಜಾಗವಿಲ್ಲ. ಕೊನೆಗೆ ಹಾಲಿನಿಂದ ತೆಗೆದ ವೇ ಪ್ರೋಟೀನಿನ ಪುಡಿಯನ್ನು ಮಜ್ಜಿಗೆಗೆ ಕಲಸಿ ಕುಡಿದೆ. ಅದನ್ನು ಶುರುಮಾಡಲು ತಡವಾದದ್ದಕ್ಕೆ ಮೂರನೆಯ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂತು. ಅದು ನಿಲ್ಲಲು ಸೆಪ್ಟೆಂಬರ್ ಆಯಿತು.

ಮೂರು ತಿಂಗಳಿಗೆ ತೂಕ 101ಕ್ಕೆ ಬಂದಿತ್ತು. ಆಮೇಲಿನ ಮೂರು ತಿಂಗಳಲ್ಲಿ ಇಳಿದದ್ದು ನಾಲ್ಕೇ ಕಿಲೋ. ಇದು ನನ್ನೊಬ್ಬನ ಕಥೆಯಲ್ಲ; ಜಠರ ಬಲೂನಿಗೆ ಒಗ್ಗಿಕೊಳ್ಳುವುದರಿಂದ ಇಳಿಯುವುದರ ಬಹುಪಾಲು ಮೊದಲ ಮೂರು ನಾಲ್ಕು ತಿಂಗಳಲ್ಲೇ ಇಳಿದುಬಿಡುತ್ತದೆ. ಏಪ್ರಿಲಿನಲ್ಲಿ ಕುರ್ಲಾದ ಬಂಟರ ಭವನದಲ್ಲಿ ಬಂಧುಗಳ ಮದುವೆಯ ಊಟಕ್ಕೆ ಕುಳಿತಾಗ ಒಳಗಿನ ಅಂಗೈ ಮೊದಲಿನಷ್ಟು ಬಿಗಿಯಾಗಿ ತಡೆಯುತ್ತಿಲ್ಲ ಎಂಬುದು ತಿಳಿಯಿತು. ಒಂದು ಹೋಳಿಗೆ ಪೂರ್ತಿ ಇಳಿಯಿತು. ಪಾಯಸಕ್ಕೆ ತಡೆಯೇ ಇರಲಿಲ್ಲ. ದ್ರವರೂಪದ ಸಿಹಿಯನ್ನು ಬಲೂನು ಎಂದೂ ತಡೆಯುವುದಿಲ್ಲ: ಹಣ್ಣಿನ ರಸ, ಮಿಲ್ಕ್ ಶೇಕ್, ಐಸ್‌ಕ್ರೀಮು, ಸಕ್ಕರೆ ಹಾಕಿದ ಚಹಾ ಅದರ ಪಕ್ಕದಿಂದ ಸರಾಗವಾಗಿ ಇಳಿದುಹೋಗುತ್ತವೆ. ಕಟಿಂಗ್ ಚಹಾವನ್ನು ನಾನೇ ಬಿಡಬೇಕಾಯಿತು, ಬಲೂನು ಬಿಡಿಸಲಿಲ್ಲ. ಈ ಮಾತನ್ನು ಆಸ್ಪತ್ರೆಯವರು ಮೊದಲ ದಿನವೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕಿತ್ತು.

ಆಸ್ಪತ್ರೆಯ ಮೇಲೆ ನನಗಿರುವ ನಿಜವಾದ ದೂರು ಹಣದ್ದು. ಬಲೂನು, ಹಾಕುವ ಖರ್ಚು, ಒಂದು ರಾತ್ರಿಯ ವಾಸ, ಪಥ್ಯ ತಜ್ಞೆಯ ಹನ್ನೆರಡು ಭೇಟಿ ಸೇರಿ 2 ಲಕ್ಷ 10 ಸಾವಿರ ರೂಪಾಯಿ ಎಂದು ಹೇಳಿ ಅದನ್ನೇ ತೆಗೆದುಕೊಂಡರು. ತೆಗೆಯುವ ಖರ್ಚೂ ಅದರಲ್ಲೇ ಇದೆ ಎಂದು ನಾನು ತಿಳಿದಿದ್ದೆ. ಮುಂಗಡ ಕಟ್ಟುವಾಗ ಬಿಲ್ಲಿಂಗ್ ಕೌಂಟರಿನವರು ತಲೆಯಾಡಿಸಿದ್ದರು. ಜುಲೈಯಲ್ಲಿ ಎಂಡೋಸ್ಕೋಪಿ ಕೋಣೆ, ಅರಿವಳಿಕೆ ವೈದ್ಯರು, ಬಲೂನು ಚುಚ್ಚುವ ಉಪಕರಣ ಎಂದು 36 ಸಾವಿರದ ಬೇರೆ ಬಿಲ್ಲು ಬಂತು. ಹೊಟ್ಟೆಯಲ್ಲಿ ಬಲೂನು ಇಟ್ಟುಕೊಂಡವನು ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಆರು ತಿಂಗಳಿಗೆಂದು ಮಾಡಿದ ಬಲೂನನ್ನು ಅವಧಿ ಮೀರಿ ಒಳಗಿಟ್ಟರೆ ಸೋರುವ ಸಂಭವ ಹೆಚ್ಚುತ್ತದೆ, ಆದ್ದರಿಂದ ತೆಗೆಸುವುದನ್ನು ಮುಂದೂಡಲೂ ಆಗದು. ಹಾಕುವ ಮುನ್ನವೇ ತೆಗೆಯುವ ಖರ್ಚನ್ನು, ಅವಧಿಗೆ ಮುಂಚೆ ತೆಗೆಯಬೇಕಾಗಿ ಬಂದರೆ ಆಗುವ ಖರ್ಚನ್ನೂ ಲಿಖಿತವಾಗಿ ಪಡೆಯದೆ ಯಾರೂ ಹಣ ಕಟ್ಟಬಾರದು. ಪರೀಕ್ಷೆಗಳೂ ಔಷಧಿಗಳೂ ಸೇರಿ ನನಗೆ ಒಟ್ಟು ಬಿದ್ದದ್ದು 2 ಲಕ್ಷ 60 ಸಾವಿರ. ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ನಮ್ಮ ಆರೋಗ್ಯ ವಿಮೆಗಳ ನಿಯಮದಲ್ಲಿ ಇರುವುದು ಬೊಜ್ಜಿನ ಶಸ್ತ್ರಚಿಕಿತ್ಸೆಯ ಮಾತು. ಅದೂ ಬಿಎಂಐ 40 ಇದ್ದರೆ, ಅಥವಾ 35ರ ಜೊತೆ ತೀವ್ರವಾದ ಬೇರೆ ಕಾಯಿಲೆಗಳಿದ್ದರೆ. ಬಲೂನು ಶಸ್ತ್ರಚಿಕಿತ್ಸೆಯಲ್ಲ ಎಂಬುದೇ ಅದರ ಹೆಗ್ಗಳಿಕೆ. ನನ್ನ ಕ್ಲೇಮನ್ನು ತಿರಸ್ಕರಿಸಲು ವಿಮೆಯವರು ಕೊಟ್ಟ ಕಾರಣವೂ ಅದೇ.

ತೆಗೆಯುವ ದಿನಕ್ಕೆ ಮೂರು ದಿನ ಮುಂಚಿನಿಂದ ಬರೀ ದ್ರವಾಹಾರ, ಕೊನೆಯ ಹನ್ನೆರಡು ಗಂಟೆ ಉಪವಾಸ. ಜಠರದಲ್ಲಿ ಅನ್ನ ಉಳಿದಿದ್ದು, ನಿದ್ದೆಯಲ್ಲಿರುವಾಗ ಅದು ಶ್ವಾಸಕೋಶಕ್ಕೆ ಹೋಗಬಾರದೆಂಬ ಮುನ್ನೆಚ್ಚರಿಕೆ ಇದು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೂಜಿಯಿಂದ ಬಲೂನನ್ನು ಚುಚ್ಚಿ, ಒಳಗಿನ ನೀಲಿ ದ್ರವವನ್ನೆಲ್ಲ ಹೀರಿ ತೆಗೆದು, ಖಾಲಿ ಚೀಲವನ್ನು ಚಿಮುಟದಿಂದ ಹಿಡಿದು ಬಾಯಿಯ ಮೂಲಕ ಎಳೆದರು. ಎಚ್ಚರವಾದ ಮೇಲೆ ತೋರಿಸಿ ಎಂದು ಕೇಳಿದೆ. ಸ್ಟೀಲ್ ಟ್ರೇಯಲ್ಲಿ ಮುದುಡಿ ಬಿದ್ದಿತ್ತು. ಒಳಗೆ ಹಾಕುವಾಗ ಪಾರದರ್ಶಕವಾಗಿತ್ತಂತೆ, ಈಗ ಹಳದಿಗೆ ತಿರುಗಿ, ಅಲ್ಲಲ್ಲಿ ಕಂದು ಕಲೆ ಹಿಡಿದು, ಹಳೆಯ ಹಾಲಿನ ಪೊಟ್ಟಣದಂತೆ ಕಾಣುತ್ತಿತ್ತು. ಆ ದಿನದ ತೂಕ 97 ಕಿಲೋ. ಹದಿನೈದು ಕಿಲೋ ಇಳಿದಿತ್ತು, ಶೇಕಡ 13.4, ವೈದ್ಯರು ಮೊದಲೇ ಹೇಳಿದ್ದಕ್ಕಿಂತ ಒಂದು ಕಿಲೋ ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 7.4ರಿಂದ 6.3ಕ್ಕೆ ಇಳಿದು ಒಂದು ಮಾತ್ರೆ ಕಡಿಮೆಯಾಗಿತ್ತು. ಗೊರಕೆ ನಿಂತಿತ್ತು. ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಎರಡು ಸುತ್ತು ನಡೆದರೂ ಮೊಣಕಾಲು ಕೂರು ಎನ್ನುತ್ತಿರಲಿಲ್ಲ.

ತೆಗೆಸಿದ ಮೇಲಿನ ಮೊದಲ ಎರಡು ವಾರ ನಿಜವಾದ ಭಯದ ದಿನಗಳು. ಹಸಿವು ಪೂರ್ಣ ಬಲದಲ್ಲಿ ಹಿಂದಿರುಗಿತು. ಆರು ತಿಂಗಳು ಮರೆತೇಹೋಗಿದ್ದ, ಕೈ ನಡುಗಿಸುವ ಹಸಿವು. ಆಗಸ್ಟಿನಲ್ಲಿ ಪಾಲುದಾರರು ಊರಿಗೆ ಹೋಗಿ ಮೂರು ವಾರ ರಾತ್ರಿಯ ಗಲ್ಲೆ ಮತ್ತೆ ನನ್ನ ಪಾಲಿಗೆ ಬಂತು. ಮಧ್ಯರಾತ್ರಿಯ ಊಟ ಮೊದಲ ರಾತ್ರಿಯೇ ಹಿಂದಿರುಗಿತು. ಆ ಮೂರು ವಾರಗಳಲ್ಲಿ ಎರಡೂವರೆ ಕಿಲೋ ಏರಿತು. ಆಸ್ಪತ್ರೆಯ ಪ್ಯಾಕೇಜಿನಲ್ಲಿದ್ದ ಹನ್ನೆರಡು ಭೇಟಿಗಳೆಲ್ಲ ಬಲೂನು ಒಳಗಿದ್ದಾಗಲೇ ಮುಗಿದಿದ್ದವು, ತೆಗೆದ ನಂತರಕ್ಕೆ ಒಂದೂ ಉಳಿದಿರಲಿಲ್ಲ. ಈ ಸೇವೆಯ ದೊಡ್ಡ ಲೋಪ ಇದೇ ಎಂದು ನಾನು ಭಾವಿಸುತ್ತೇನೆ. ಬಲೂನು ಒಳಗಿದ್ದಾಗ ಅದೇ ಕಾವಲು. ಆಗ ವಾರವಾರ ಕರೆದು ಪಥ್ಯ ಹೇಳುವ ಅಗತ್ಯ ಅಷ್ಟಿಲ್ಲ. ಕಾವಲು ಎದ್ದುಹೋದ ಮೇಲೆ ಯಾರೂ ಕೇಳುವವರಿರುವುದಿಲ್ಲ. ನಾನು ಬೇರೆ ಹಣ ಕೊಟ್ಟು ತಿಂಗಳಿಗೊಮ್ಮೆಯಂತೆ ಅದೇ ಪಥ್ಯ ತಜ್ಞೆಯ ಬಳಿ ಹೋಗತೊಡಗಿದೆ. ಅವರು ಕೊಟ್ಟ ಸಲಹೆ ಸರಳವಾಗಿತ್ತು: ರಾತ್ರಿಯ ಗಲ್ಲೆ ಇದ್ದ ದಿನವೂ ಏಳೂವರೆಗೆ ಹದಿನೈದು ನಿಮಿಷ ಎದ್ದುಹೋಗಿ ಊಟ ಮುಗಿಸುವುದು, ಮಧ್ಯರಾತ್ರಿ ಹುಡುಗರ ಪಂಕ್ತಿಯಲ್ಲಿ ಕೂತರೂ ಕೈಯಲ್ಲಿ ಮಜ್ಜಿಗೆಯ ಲೋಟ ಮಾತ್ರ. ಭಟ್ಟರು ಎತ್ತಿಟ್ಟ ಆ ಸಣ್ಣ ತಟ್ಟೆ ಇಂದಿಗೂ ನನಗೆಂದೇ ಇದೆ.

ಈಗ ತೂಕ 101. ಇಳಿದ ಹದಿನೈದರಲ್ಲಿ ನಾಲ್ಕು ಹಿಂದೆ ಬಂದಿದೆ, ಹನ್ನೊಂದು ಉಳಿದಿದೆ. ಉಳಿದ ಒಂದೊಂದು ಕಿಲೋಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಸಾವಿರ ರೂಪಾಯಿ ಕೊಟ್ಟಂತಾಯಿತು. ದುಬಾರಿಯೇ ಸರಿ. ಆದರೂ ಮಾಡಿಸಿಕೊಂಡದ್ದಕ್ಕೆ ನನಗೆ ವಿಷಾದವಿಲ್ಲ. ಪಥ್ಯದಿಂದ ಇಳಿಸಿದ ಹಿಂದಿನ ಎರಡು ಬಾರಿಯೂ ವರ್ಷ ತುಂಬುವುದರೊಳಗೆ ಎಲ್ಲವೂ ಬಡ್ಡಿ ಸಮೇತ ಬಂದುಬಿಟ್ಟಿತ್ತು.

2025ರ ಮಾರ್ಚಿನಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೋ ಎಂಬ ಔಷಧಿ ನಮ್ಮ ದೇಶಕ್ಕೂ ಬಂದಿದೆ. ಅದರಿಂದ ಬಲೂನಿಗಿಂತ ಹೆಚ್ಚು ತೂಕ ಇಳಿದದ್ದು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ. ಆದರೆ ನಿಲ್ಲಿಸಿದರೆ ತೂಕ ಹಿಂದೆ ಬರುವ ತೊಂದರೆ ಅದಕ್ಕೂ ಇದೆ, ತಿಂಗಳ ಖರ್ಚು ಎಂದಿಗೂ ಮುಗಿಯುವುದಿಲ್ಲ. ಇನ್ನು ಮುಂದೆ ನನ್ನಂಥವರು ವೈದ್ಯರ ಬಳಿ ಹೋದಾಗ ಬಲೂನು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಮೂರನ್ನೂ ಎದುರಿಗಿಟ್ಟು ಮಾತನಾಡುವ ವೈದ್ಯರನ್ನು ಹುಡುಕಬೇಕು. ಒಂದನ್ನೇ ಮಾರುವವರ ಬಳಿ ಹೋದರೆ ಆ ಒಂದೇ ಸಿಗುತ್ತದೆ.

ನನ್ನನ್ನು ನೋಡಿ ಡೊಂಬಿವಿಲಿಯಲ್ಲಿರುವ ನಮ್ಮ ಭಾವನವರೂ ಬಲೂನು ಹಾಕಿಸಿಕೊಳ್ಳುತ್ತೇನೆಂದು ಹಟ ಹಿಡಿದರು. ಕಳೆದ ತಿಂಗಳು ಅದೇ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅಂಗಿ ಎತ್ತಿಸಿ ಹೊಟ್ಟೆ ನೋಡಿದ ವೈದ್ಯರು ಹೊಕ್ಕುಳಿನ ಮೇಲಿದ್ದ ಉದ್ದನೆಯ ಹೊಲಿಗೆಯ ಗುರುತನ್ನು ಬೆರಳಿನಿಂದ ಮುಟ್ಟಿ ಇದೇನು ಎಂದು ಕೇಳಿದರು. ಮೂವತ್ತು ವರ್ಷದ ಹಿಂದೆ ಊರಿನಲ್ಲಿದ್ದಾಗ ಜಠರದ ಹುಣ್ಣು ಒಡೆದು ಆಪರೇಷನ್ ಆದದ್ದು ಎಂದು ಭಾವ ಹೇಳಿದರು. ಅದನ್ನು ಹೇಳಬೇಕೆಂದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಜಠರದ ಶಸ್ತ್ರಚಿಕಿತ್ಸೆಯಾದವರಿಗೆ ಬಲೂನು ಹಾಕುವಂತಿಲ್ಲ, ಹೊಲಿದ ಜಾಗ ಹಿಗ್ಗಿ ಹರಿಯಬಹುದು ಎಂದು ವೈದ್ಯರು ಅಲ್ಲಿಗೇ ಮಾತು ಮುಗಿಸಿ, ರಕ್ತಪರೀಕ್ಷೆಗೊಂದು ಚೀಟಿಯನ್ನೂ ಪಥ್ಯ ತಜ್ಞೆಗೊಂದು ಚೀಟಿಯನ್ನೂ ಬರೆದುಕೊಟ್ಟರು. ಪಥ್ಯ ತಜ್ಞೆಯ ಬಳಿ ಭಾವನವರ ಮೊದಲ ಭೇಟಿ ಬರುವ ಶನಿವಾರ ಇದೆ. ನಾನೂ ಜೊತೆಯಲ್ಲಿ ಹೋಗುತ್ತಿದ್ದೇನೆ.